ಜಲಾಲಾಬಾದಿನ ಫಿರಂಗಿಗಳು: ಆಗಸ್ಟಸ್ ಅಬಟ್‌ನ ದಿನಚರಿಯ ಮರುಪರಿಶೀಲನೆ

ವಸಾಹತುಶಾಹಿ ಯುದ್ಧಗಳ ಇತಿಹಾಸರಚನೆಯಲ್ಲಿ ಸೇನಾಧಿಕಾರಿಗಳ ದಿನಚರಿಗಳಿಗೆ ಪ್ರಾಥಮಿಕ ಆಕರಗಳೆಂಬ ಮನ್ನಣೆಯಿದೆ. ಆದರೆ ದಿನಚರಿ ಬರೆದ ಕಾಲ ಒಂದು, ಅದು ಗ್ರಂಥವಾಗಿ ಪ್ರಕಟಗೊಂಡ ಕಾಲ ಇನ್ನೊಂದು ಆದಾಗ ಈ ಮನ್ನಣೆಯನ್ನು ಯಥಾವತ್ತಾಗಿ ಒಪ್ಪುವಂತಿಲ್ಲ. ಬಂಗಾಳ ಫಿರಂಗಿದಳದ ಮೇಜರ್ ಜನರಲ್ ಆಗಸ್ಟಸ್ ಅಬಟ್‌ನ (1804–1867) ದಿನಚರಿ ಹಾಗೂ ಪತ್ರಗಳನ್ನು ಆಧರಿಸಿ ಚಾರ್ಲ್ಸ್ ರಾತ್‌ಬೋನ್ ಲೋ ಸಿದ್ಧಪಡಿಸಿದ ಮೊದಲ ಆಫ್ಘನ್ ಯುದ್ಧದ ಗ್ರಂಥವು (1879) ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಅಬಟ್ 1819ರಲ್ಲಿ ಕಂಪನಿಯ ಸೇವೆಗೆ ಸೇರಿದನು. 1825–26ರ ಭರತಪುರದ ಮುತ್ತಿಗೆಯಲ್ಲಿ ಪಾಲ್ಗೊಂಡನು. ಒಂಟೆಗಳು ಎಳೆಯುವ ಲಘು ಫಿರಂಗಿದಳದ ನಾಯಕನಾಗಿ ಆಫ್ಘಾನಿಸ್ತಾನಕ್ಕೆ ತೆರಳಿ, 1839ರ ಜುಲೈ 23ರಂದು ಘಜ್ನಿ ಕೋಟೆ ಕೈವಶವಾದಾಗ ಅಲ್ಲಿದ್ದನು. ಅವನ ಖ್ಯಾತಿ ನಿಂತಿರುವುದು ಮುಖ್ಯವಾಗಿ ಜಲಾಲಾಬಾದಿನ ರಕ್ಷಣೆಯ ಮೇಲೆ. 1842ರ ಫೆಬ್ರವರಿ 19ರ ಭೂಕಂಪದಿಂದ ಕೋಟೆಯ ಗೋಡೆಗಳು ಕುಸಿದರೂ ಸೇಲ್‌ನ ಪಡೆ ಎದೆಗುಂದಲಿಲ್ಲ. ಏಪ್ರಿಲ್ 7ರಂದು ಹೊರಬಂದು ಅಕ್ಬರ್ ಖಾನನ ಪಾಳೆಯವನ್ನು ಸೋಲಿಸಿತು. ಅಬಟ್‌ಗೆ ಸಿ.ಬಿ. ಗೌರವ ದೊರೆಯಿತು. ಅವನ ಫಿರಂಗಿಗಳ ಮೇಲೆ ಜಲಾಲಾಬಾದಿನ ಹೆಸರನ್ನು ಕೆತ್ತಿಸುವಂತೆ ಗವರ್ನರ್ ಜನರಲ್ ಎಲೆನ್‌ಬರೋ ಆಜ್ಞಾಪಿಸಿದನು.

ಇಷ್ಟನ್ನೇ ಓದಿದರೆ ಇದೊಂದು ವಿಜಯಗಾಥೆ. ಆದರೆ ಅದೇ ವರ್ಷದ ಜನವರಿಯಲ್ಲಿ, ಕಾಬೂಲಿನಿಂದ ಹಿಮ್ಮೆಟ್ಟಿದ ಸುಮಾರು 4,500 ಸೈನಿಕರ ಪಡೆಯೂ ಅದರೊಡನಿದ್ದ ಸುಮಾರು 12,000 ಪರಿಚಾರಕರ ಸಮೂಹವೂ ಕಣಿವೆಗಳಲ್ಲಿ ನಾಶವಾಗಿದ್ದವು. ಆ ಮಹಾಪರಾಭವವನ್ನು ಮರೆಸಲು ಸರ್ಕಾರಕ್ಕೆ ಒಂದು ಗೆಲುವು ಬೇಕಾಗಿತ್ತು. ಪದಕಗಳ ಔದಾರ್ಯವನ್ನು ಈ ಹಿನ್ನೆಲೆಯಲ್ಲಿ ಗ್ರಹಿಸಬೇಕು. ಶರತ್ಕಾಲದಲ್ಲಿ ಪ್ರತೀಕಾರದ ಸೇನೆ ಕಾಬೂಲಿನ ಹಿರಿಯ ಬಜಾರನ್ನು ಕೆಡವಿತು. ಆ ಕಾರ್ಯದ ಹೊಣೆ ಹೊತ್ತ ಇಂಜಿನಿಯರ್ ಫ್ರೆಡರಿಕ್ ಅಬಟ್ ಆಗಸ್ಟಸನ ಸಹೋದರನೇ ಎಂಬುದು ಗಮನಾರ್ಹ. ರಕ್ಷಣೆಯ ಕೀರ್ತಿಯನ್ನೂ ಧ್ವಂಸದ ಕೃತ್ಯವನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿಟ್ಟು ನೋಡುವುದು ಇತಿಹಾಸಕಾರನಿಗೆ ಸಲ್ಲದು.

ಜಲಾಲಾಬಾದಿನ ಪದಕ 35ನೆಯ ಬಂಗಾಳ ದೇಶೀ ಪದಾತಿದಳದ ಸಿಪಾಯಿಗಳಿಗೂ ಸಂದಿತ್ತು. ಹದಿನೈದು ವರ್ಷಗಳ ತರುವಾಯ, 1857ರಲ್ಲಿ, ಅದೇ ದಳವನ್ನು ಸಂಶಯದ ಕಾರಣದಿಂದ ಫಿಲ್ಲೌರಿನಲ್ಲಿ ನಿರಾಯುಧಗೊಳಿಸಲಾಯಿತು. ಅದರ ಮರುವರ್ಷ ಅಬಟ್ ಬಂಗಾಳ ಫಿರಂಗಿದಳದ ಮುಖ್ಯಸ್ಥನಾದನು. ಒಂದೇ ಕೋಟೆಯನ್ನು ಕಾದವರಿಗೆ ಎರಡು ಬಗೆಯ ಉತ್ತರಕಾಲ! ಅಧಿಕಾರಿಯ ಕಾಗದಪತ್ರಗಳು ಗ್ರಂಥವಾದವು. ಸಿಪಾಯಿಯ ಅನುಭವಕ್ಕೆ ಅಂಥ ಸಂಪಾದಕನು ದೊರೆಯಲಿಲ್ಲ.

ಲೋ ಅವರ ಗ್ರಂಥ ಹೊರಬಂದದ್ದು ಎರಡನೆಯ ಆಫ್ಘನ್ ಯುದ್ಧ (1878–80) ನಡೆಯುತ್ತಿದ್ದಾಗ, ಅಬಟ್ ತೀರಿಕೊಂಡು ಹನ್ನೆರಡು ವರ್ಷಗಳಾದ ಮೇಲೆ. ಹಳೆಯ ಶೌರ್ಯದ ಸ್ಮರಣೆ ಹೊಸ ಯುದ್ಧದ ಓದುಗರಿಗೆ ಒದಗಿದ್ದು ಹೀಗೆ. ಆದ್ದರಿಂದ ಈ ಕೃತಿಯನ್ನು 1842ರ ಸಾಕ್ಷ್ಯವೆಂದು ಮಾತ್ರವಲ್ಲದೆ 1879ರ ದಾಖಲೆಯೆಂದೂ ಓದಬೇಕಾಗುತ್ತದೆ. ಅಬಟ್‌ನ ವೈಯಕ್ತಿಕ ಧೈರ್ಯವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಫಿರಂಗಿಯ ಮೇಲೆ ಕೆತ್ತಿದ ಹೆಸರನ್ನೇ ಇತಿಹಾಸದ ಕೊನೆಯ ಮಾತೆಂದು ಭಾವಿಸಲಾಗದು.