ಪಿಕಪ್ ಬದಲಿಸಿದರೆ ನಾದ ಬೆಚ್ಚಗಾದೀತೇ?

1954ರಲ್ಲಿ ಲಿಯೊ ಫೆಂಡರ್ ಮಾರುಕಟ್ಟೆಗೆ ತಂದ ಸ್ಟ್ರಾಟೊಕಾಸ್ಟರ್ ಗಿಟಾರಿನಲ್ಲಿ ಪಿಕಪ್‌ಗಳು ಮೂರು, ಟೋನ್ ನಾಬ್‌ಗಳು ಎರಡು. ಒಂದು ನಾಬ್ ನೆಕ್ ಬಳಿಯ ಪಿಕಪ್‌ಗೆ, ಇನ್ನೊಂದು ನಡುವಿನದಕ್ಕೆ. ಬ್ರಿಜ್ ಪಕ್ಕದ್ದು ಮೂರರಲ್ಲಿ ಅತ್ಯಂತ ಹರಿತವಾಗಿ ನುಡಿಯುವ ಪಿಕಪ್. ಅದಕ್ಕೆ ಮಾತ್ರ ಯಾವ ನಾಬೂ ಇಲ್ಲ. ವಾಲ್ಯೂಮ್ ದಾಟಿದರೆ ಅದರ ಸದ್ದು ನೇರ ಆಂಪ್‌ಗೆ. ಕಿವಿಗೆ ಚುಚ್ಚುತ್ತದೆ, ತೆಳ್ಳಗೆ ಕೇಳುತ್ತದೆ ಎಂದು ಜನ ಈ ಪಿಕಪ್ಪನ್ನು ಎಪ್ಪತ್ತು ವರ್ಷಗಳಿಂದ ಬೈಯುತ್ತಲೇ ಬಂದಿದ್ದಾರೆ. ಬೈದವರಲ್ಲಿ ಅನೇಕರು ಕೊನೆಗೆ ಅದನ್ನು ಬಿಚ್ಚಿಸಿ, ‘ಬೆಚ್ಚನೆಯ ನಾದ’ ಕೊಡುತ್ತದೆಂದು ಡಬ್ಬಿಯ ಮೇಲೆ ಬರೆದಿರುವ ಇನ್ನೊಂದನ್ನು ಹಾಕಿಸಿಕೊಳ್ಳುತ್ತಾರೆ. ಪಿಕಪ್ ಆರಿಸುವ ಸ್ವಿಚ್ಚಿನ ಹಿಂಬದಿಯಲ್ಲಿ ಒಂದಿಂಚು ವೈರು ಬೆಸೆದು, ಎರಡನೆಯ ಟೋನ್ ನಾಬನ್ನು ಬ್ರಿಜ್ ಪಿಕಪ್ಪಿಗೂ ದಕ್ಕುವಂತೆ ಮಾಡಿ ನೋಡೋಣ ಎಂದುಕೊಳ್ಳುವವರು ಕಡಿಮೆ. ಈಚಿನ ಕೆಲವು ಮಾದರಿಗಳಲ್ಲಿ ಫೆಂಡರ್ ಕಂಪನಿಯೇ ಹೀಗೆ ಜೋಡಿಸಿ ಕೊಡುತ್ತಿದೆ ಎಂಬುದನ್ನು ಗಮನಿಸಿದವರು ಇನ್ನೂ ಕಡಿಮೆ.

ಪಿಕಪ್ ಬದಲಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಬೆಚ್ಚನೆಯ ನಾದಕ್ಕಾಗಿ ಬದಲಿಸುವವರು ಹೆಚ್ಚಿನ ಪಾಲು ತಪ್ಪು ವಸ್ತುವನ್ನು ಕೊಳ್ಳುತ್ತಾರೆ, ಅದೂ ತಪ್ಪು ಅಂಕಿಯನ್ನು ನಂಬಿ. ನನ್ನ ತಕರಾರು ಇಷ್ಟೇ.

ಬದಲಿ ಪಿಕಪ್‌ಗಳ ವ್ಯಾಪಾರ ಹುಟ್ಟಿದ್ದೇ ಬೇರೆ ಕಾರಣಕ್ಕೆ. ನ್ಯೂಯಾರ್ಕಿನ ಲ್ಯಾರಿ ಡಿಮಾರ್ಜಿಯೊ 1972ರಲ್ಲಿ ‘ಸೂಪರ್ ಡಿಸ್ಟಾರ್ಷನ್’ ತಂದಾಗ ಅವರ ಗುರಿ ಹೆಸರಿನಲ್ಲೇ ಇತ್ತು: ಹೆಚ್ಚು ಸುತ್ತಿನ ಸುರುಳಿ, ಬಲವಾದ ಸೆರಾಮಿಕ್ ಅಯಸ್ಕಾಂತ, ಆಂಪಿನ ವಾಲ್ವುಗಳ ಸದ್ದು ಬೇಗ ಒಡೆದು ಕಿರುಚಬೇಕು. 1976ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಸೆಮೋರ್ ಡಂಕನ್ ಕಂಪನಿ ಶುರುವಾಯಿತು. ಹಳೆಯ ಗಿಟಾರುಗಳ ಮೇಲಿನ ಮೋಹ ಏರಿದ ಹಾಗೆ ವ್ಯಾಪಾರದ ಮಾತೂ ‘ಜೋರು’ ಬಿಟ್ಟು ‘ಬೆಚ್ಚಗೆ’ ಕಡೆಗೆ ಹೊರಳಿತು. ಆ ಮೋಹದ ಮೂಲವಿಗ್ರಹ ಗಿಬ್ಸನ್ ಕಂಪನಿಯ ಪಿಎಎಫ್ ಪಿಕಪ್.

ಇದರ ಕಥೆಯಲ್ಲಿ ಒಂದಿಷ್ಟು ತಮಾಷೆಯಿದೆ. ಗಿಬ್ಸನ್‌ನ ಎಂಜಿನಿಯರ್ ಸೇತ್ ಲವರ್ ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿದ್ದು ವಿದ್ಯುತ್ ತಂತಿಯ ಗುಂಯ್‌ಗುಟ್ಟುವಿಕೆ ತಪ್ಪಿಸಲು. ನಾದ ಬೆಚ್ಚಗಾದದ್ದು ಅದರ ಜೊತೆಗೆ ಬಂದ ಫಲ. ಪೇಟೆಂಟಿಗೆ ಅರ್ಜಿ ಹಾಕಿದ್ದು 1955ರಲ್ಲಿ, ಸಿಕ್ಕಿದ್ದು 1959ರಲ್ಲಿ. ನಡುವೆ 1957ರಿಂದ ಲೆಸ್ ಪಾಲ್ ಗಿಟಾರುಗಳಲ್ಲಿ ಕೂತ ಪಿಕಪ್‌ಗಳ ಬೆನ್ನಿಗೆ ‘ಪೇಟೆಂಟ್ ಅಪ್ಲೈಡ್ ಫಾರ್’ ಎಂಬ ಪುಟ್ಟ ಚೀಟಿ ಅಂಟಿಸಿದ್ದರು. ಪಿಎಎಫ್ ಎಂಬ ಹೆಸರು ಬಂದದ್ದು ಅಲ್ಲಿಂದ. ಮುಂದೆ ಚೀಟಿಯಲ್ಲಿ ಪೇಟೆಂಟ್ ಸಂಖ್ಯೆ ಅಚ್ಚಾಯಿತು. ಅದು ಈ ಪಿಕಪ್ಪಿನ ಸಂಖ್ಯೆಯಲ್ಲ, ಲೆಸ್ ಪಾಲ್ ಅವರ ಟೇಲ್‌ಪೀಸಿನದು! ಆ ಕಾಲದಲ್ಲಿ ಸುತ್ತುಗಳ ಲೆಕ್ಕ ಒಂದು ಬಾಬಿನಿನಿಂದ ಇನ್ನೊಂದಕ್ಕೆ ಬದಲಾಗುತ್ತಿತ್ತು. ಅಯಸ್ಕಾಂತವೂ ಹಾಗೆಯೇ, ಅಲ್ನಿಕೊ ಮಿಶ್ರಲೋಹದಲ್ಲಿ ಕೈಗೆ ಸಿಕ್ಕ ದರ್ಜೆ. ಹೀಗಾಗಿ ‘ನಿಜವಾದ ಪಿಎಎಫ್ ನಾದ’ ಎಂದು ಯಾರಾದರೂ ಮಾರಿದರೆ, ಯಾವ ಪಿಎಎಫ್‌ನದು ಎಂದು ಕೇಳಬೇಕು.

ಇನ್ನು ನಾದ ಬೆಚ್ಚಗಾಗುವುದು ಎಲ್ಲಿ ಎಂಬ ಪ್ರಶ್ನೆ. ಇಲ್ಲಿ ಸ್ವಲ್ಪ ಲೆಕ್ಕ ಬೇಕು, ಏಕೆಂದರೆ ಜಾಹೀರಾತು ಬಚ್ಚಿಡುವುದು ಇದನ್ನೇ. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಆ ಸುರುಳಿಗೆ ಇಂಡಕ್ಟೆನ್ಸ್ ಎಂಬ ಗುಣವಿದೆ, ಅಳತೆ ಹೆನ್ರಿಗಳಲ್ಲಿ. ಗಿಟಾರಿನಿಂದ ಆಂಪ್‌ವರೆಗಿನ ಕೇಬಲ್ಲಿಗೆ ಕೆಪಾಸಿಟೆನ್ಸ್ ಇದೆ, ಮೀಟರಿಗೆ ಸುಮಾರು 100 ಪಿಕೊಫ್ಯಾರಡ್. ಇವೆರಡೂ ಸೇರಿ ಯಾವುದೋ ಒಂದು ಆವರ್ತಾಂಕದ ಬಳಿ ಸದ್ದನ್ನು ಉಬ್ಬಿಸುತ್ತವೆ; ಆ ಉಬ್ಬು ದಾಟಿದ ಮೇಲೆ ಟ್ರೆಬಲ್ ಸರ್ರನೆ ಇಳಿದುಹೋಗುತ್ತದೆ. ಸ್ಟ್ರಾಟಿನ ಸಿಂಗಲ್ ಕಾಯಿಲ್ ಸುಮಾರು 2.4 ಹೆನ್ರಿ ಎಂದಿಟ್ಟುಕೊಳ್ಳಿ. 3 ಮೀಟರ್ ಕೇಬಲ್ ಚುಚ್ಚಿದರೆ ಉಬ್ಬು 5000 ಹರ್ಟ್ಸ್ ಮೇಲಿರುತ್ತದೆ. 6 ಮೀಟರಿಗೆ ಅದು 3900ರ ಆಸುಪಾಸಿಗೆ ಬರುತ್ತದೆ, 9 ಮೀಟರಿಗೆ 3300ಕ್ಕೂ ಕೆಳಗೆ. ಪಿಕಪ್ ಅದೇ, ಬದಲಾದದ್ದು ಕೇಬಲ್ ಮಾತ್ರ. ಮನುಷ್ಯನ ಕಿವಿ ಅತಿ ಸೂಕ್ಷ್ಮವಾಗಿರುವುದೂ 2000ದಿಂದ 5000 ಹರ್ಟ್ಸ್ ನಡುವೆಯೇ. ಚುಚ್ಚುತ್ತದೆ ಎಂಬ ದೂರು ಹುಟ್ಟುವುದು ಇಲ್ಲಿ.

ಜಿಮಿ ಹೆಂಡ್ರಿಕ್ಸ್ ವೇದಿಕೆಯಲ್ಲಿ ಬಳಸುತ್ತಿದ್ದ ಸುರುಳಿ ಕೇಬಲ್ಲನ್ನು ನೆನೆಯಿರಿ: ಉದ್ದ ಬಹಳ, ಕೆಪಾಸಿಟೆನ್ಸ್ ಬಹಳ. ಇವತ್ತಿನ ಹುಡುಗರು ವೈರ್‌ಲೆಸ್ ಹಾಕಿಕೊಳ್ಳುತ್ತಾರೆ, ಕೇಬಲ್ಲಿನ ಹೊರೆ ಬಹುಪಾಲು ಹೋಗುತ್ತದೆ, ಟ್ರೆಬಲ್ ತಲೆಯೆತ್ತುತ್ತದೆ. ಬೈಗುಳ ಮಾತ್ರ ಪಿಕಪ್ಪಿಗೆ!

ಕ್ಯಾಟಲಾಗುಗಳಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ಡಿಸಿ ರೆಸಿಸ್ಟೆನ್ಸ್ ಮೇಲೆ: 7.6 ಕಿಲೊ ಓಮ್, 8.2, 16.4. ಅಂಕಿ ದೊಡ್ಡದಾದಷ್ಟೂ ನಾದ ದಪ್ಪ ಎಂಬ ನಂಬಿಕೆ ಅಂಗಡಿಯವರಲ್ಲೂ ಇದೆ. ಅರ್ಧ ನಿಜ. ಒಂದೇ ಬಗೆಯ ಪಿಕಪ್ಪಿಗೆ ಅದೇ ದಪ್ಪದ ತಂತಿಯನ್ನು ಹೆಚ್ಚು ಸುತ್ತಿದರೆ ಓಮ್ ಜೊತೆಗೆ ಇಂಡಕ್ಟೆನ್ಸೂ ಏರುತ್ತದೆ. ಆದರೆ ತಂತಿ ತೆಳುವಾದರೆ ಸುತ್ತು ಹೆಚ್ಚದೆಯೂ ಓಮ್ ಏರುತ್ತದೆ. ಟೆಲಿಕಾಸ್ಟರಿನ ನೆಕ್ ಪಿಕಪ್ಪಿಗೆ ಸುತ್ತುವುದು 43 ಗೇಜ್ ತಂತಿ, ಮಾಮೂಲಿ 42ಕ್ಕಿಂತ ತೆಳು. ಅದರ ಓಮನ್ನು ಸ್ಟ್ರಾಟಿನ ಓಮಿಗೆ ಹೋಲಿಸಿ ಏನನ್ನೂ ಹೇಳಲಾಗದು. ಅದು ಮೆತ್ತಗೆ ನುಡಿಯುವುದರಲ್ಲಿ ಮೇಲಿನ ಲೋಹದ ಮುಚ್ಚಳದ ಪಾಲೂ ಇದೆ. ಮುಚ್ಚಳದಲ್ಲಿ ಏಳುವ ಸುಳಿವಿದ್ಯುತ್ತು ಟ್ರೆಬಲ್ಲನ್ನು ತಿಂದುಹಾಕುತ್ತದೆ. ಕೊಳ್ಳುವವರು ಕೇಳಬೇಕಾದ ಅಂಕಿ ಹೆನ್ರಿ. ಡಬ್ಬಿಯ ಮೇಲೆ ಅದು ಇರುವುದೇ ಅಪರೂಪ.

ಅಯಸ್ಕಾಂತದ ಬಗ್ಗೆಯೂ ದಂತಕಥೆಗಳಿಗೆ ಬರವಿಲ್ಲ. ಅಲ್ನಿಕೊ 2 ಮೃದು, ಅಲ್ನಿಕೊ 5 ಚುರುಕು, ಸೆರಾಮಿಕ್ ಕರ್ಕಶ, ಹೀಗೊಂದು ಶ್ಲೋಕ ಎಲ್ಲರಿಗೂ ಬಾಯಿಪಾಠ. ಮೊದಲೆರಡರಲ್ಲಿ ಹುರುಳಿದೆ, 2ನೇ ದರ್ಜೆಯ ಸೆಳೆತ ಕಡಿಮೆ, ಮೀಟಿದ ಕ್ಷಣದ ಏಟು ಸ್ವಲ್ಪ ಉರುಟಾಗಿ ಬರುತ್ತದೆ. ಮೂರನೆಯದು ಅವಸರದ ತೀರ್ಪು. ಸೂಪರ್ ಡಿಸ್ಟಾರ್ಷನ್ ಸೆರಾಮಿಕ್ಕೇ. ಕೇಳಿದರೆ ತೆಳುವಲ್ಲ, ಮಿಡ್ ತುಂಬಿ ತುಳುಕುವ ಕಪ್ಪು ನಾದ.

ಹೆಸರು ಹಿಡಿದೇ ಹೇಳುವುದಾದರೆ, ಬೆಚ್ಚನೆಯ ನಾದ ಬೇಕೆನ್ನುವವರಿಗೆ ಮೊದಲು ಶಿಫಾರಸಾಗುವ ಡಂಕನ್ ಜೆಬಿ ನನಗೆ ಹಿಡಿಸುವುದಿಲ್ಲ. ಇಂಡಕ್ಟೆನ್ಸ್ 8 ಹೆನ್ರಿಯ ಆಸುಪಾಸು. 6 ಮೀಟರ್ ಕೇಬಲ್ ಸೇರಿದರೆ ಉಬ್ಬು 2000 ಹರ್ಟ್ಸ್ ಹತ್ತಿರ ಬಂದು ಕೂರುತ್ತದೆ. ಮೇಲಿನ ಮಿನುಗು ಹೋಗುತ್ತದೆ ನಿಜ, ಆದರೆ ಅದರ ಜಾಗದಲ್ಲಿ ಮೂಗಿನಿಂದ ಬಂದಂಥ ದನಿಯೊಂದು ಎದ್ದು ನಿಲ್ಲುತ್ತದೆ. ರಾಕ್ ಸೋಲೊಗೆ ಅದು ವರವೇ ಇರಬಹುದು, ಬೆಚ್ಚಗಂತೂ ಅಲ್ಲ. ಅದನ್ನು 500 ಕಿಲೊ ಓಮ್ ಬದಲು 250ರ ವಾಲ್ಯೂಮ್ ಪಾಟಿಗೆ (ನಾಬಿನ ಕೆಳಗಿನ ಪೊಟೆನ್ಶಿಯೊಮೀಟರಿಗೆ) ಜೋಡಿಸಿ ಉಬ್ಬನ್ನು ತಟ್ಟಿ ಕೂರಿಸುವ ರೂಢಿ ಬೆಳೆದದ್ದೂ ಇದಕ್ಕೇ. ಅದೇ ಕಂಪನಿಯ ಅಲ್ನಿಕೊ 2 ಪ್ರೊ ನನ್ನ ದೃಷ್ಟಿಯಲ್ಲಿ ಈ ಕೆಲಸಕ್ಕೆ ಹೆಚ್ಚು ಯೋಗ್ಯ. ಸುತ್ತು ಹಳೆಯ ಪಿಎಎಫ್ ಲೆಕ್ಕದಲ್ಲೇ ಇದೆ, ಔಟ್‌ಪುಟ್ ಸಾಧಾರಣ, ಉಬ್ಬು 3000ದ ಸಮೀಪ. ಟ್ರೆಬಲ್ ಸತ್ತಿಲ್ಲ, ಅಂಚು ಮಾತ್ರ ಸವೆದಿದೆ. ಗನ್ಸ್ ಎನ್ ರೋಸಸ್‌ನ ಸ್ಲ್ಯಾಶ್ 1987ರ ‘ಅಪೆಟೈಟ್ ಫಾರ್ ಡಿಸ್ಟ್ರಕ್ಷನ್’ ನುಡಿಸಿದ್ದು ಇದನ್ನು ಕೂರಿಸಿದ್ದ ಲೆಸ್ ಪಾಲ್ ಪ್ರತಿಕೃತಿಯಲ್ಲಿ. ಅಷ್ಟು ಗಟ್ಟಿ ಸದ್ದಿನ ಆಲ್ಬಮ್ಮಿನ ಹಿಂದೆ ಇಷ್ಟು ಸೌಮ್ಯವಾದ ಪಿಕಪ್ ಇತ್ತೆಂಬುದು ‘ಜೋರಾದದ್ದೇ ದಪ್ಪ’ ಎನ್ನುವವರಿಗೆ ಸರಿಯಾದ ಉತ್ತರ. ಔಟ್‌ಪುಟ್ ಹೆಚ್ಚಿದರೆ ಆಂಪ್ ಬೇಗ ಒಡೆಯುತ್ತದೆ, ಒಡೆದ ಸದ್ದಿನಲ್ಲಿ ಹೊಸ ಮೇಲಿನ ಸ್ವರಾಂಶಗಳು ಹುಟ್ಟುತ್ತವೆ, ಬೆಚ್ಚಗೆ ಮಾಡಲು ಹೊರಟವನು ಗರಗಸ ಹಿಡಿದು ಕೂರುತ್ತಾನೆ.

ಎರಿಕ್ ಕ್ಲಾಪ್ಟನ್ ಕ್ರೀಮ್ ದಿನಗಳಲ್ಲಿ ‘ವುಮನ್ ಟೋನ್’ ಎಂದು ಕರೆದ ನಾದಕ್ಕೆ ಹೊಸ ಪಿಕಪ್ ಯಾವುದೂ ಬೇಕಾಗಲಿಲ್ಲ. ಗಿಬ್ಸನ್ ಎಸ್‌ಜಿ, ಮಾರ್ಷಲ್ ಆಂಪ್, ಟೋನ್ ನಾಬ್ ಸೊನ್ನೆಗೆ. ಸೊನ್ನೆಯಲ್ಲಿ ಟ್ರೆಬಲ್ ಸುಮ್ಮನೆ ಕಡಿಮೆಯಾಗುವುದಿಲ್ಲ. ಟೋನ್ ಕೆಪಾಸಿಟರ್ ಸುರುಳಿಗೆ ನೇರ ತಗುಲಿಕೊಂಡು ಹೊಸದೊಂದು ಉಬ್ಬನ್ನು ಹುಟ್ಟಿಸುತ್ತದೆ. ಎರಡು ಸುರುಳಿಯ ಹಂಬಕರ್ ಪಿಕಪ್ ಜೊತೆ 0.022 ಮೈಕ್ರೊಫ್ಯಾರಡ್ ಇದ್ದರೆ ಅದು 500 ಹರ್ಟ್ಸ್ ಆಸುಪಾಸು ಬೀಳುತ್ತದೆ, ಮನುಷ್ಯನ ದನಿಯ ‘ಓ’ಕಾರ ತುಂಬಿಕೊಳ್ಳುವ ಸೀಮೆ. ಬಹಳಷ್ಟು ಗಿಟಾರಿಸ್ಟುಗಳು ಈ ನಾಬನ್ನು ಹತ್ತಕ್ಕೆ ತಿರುಗಿಸಿ ಮತ್ತೆ ಮುಟ್ಟುವುದೇ ಇಲ್ಲ ಎಂಬುದು ನನಗೆ ಇವತ್ತಿಗೂ ಅರ್ಥವಾಗದ ಸಂಗತಿ.

ಪಿಕಪ್ಪಿನ ಎತ್ತರದ ವಿಷಯವೂ ಹಾಗೆಯೇ. ಸ್ಟ್ರಾಟಿನ ಹಳೆಯ ಬಗೆಯ ಪಿಕಪ್ಪಿಗೆ ತಂತಿಯಿಂದ ಇರಬೇಕೆಂದು ಫೆಂಡರ್ ಹೇಳುವ ಅಂತರ, ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ದಪ್ಪ ತಂತಿಗೆ ಸುಮಾರು 2.4 ಮಿಲಿಮೀಟರ್, ತೆಳು ತಂತಿಗೆ 2. ಅಂಗಡಿಯಿಂದ ಬಂದ ಗಿಟಾರಿನಲ್ಲಿ ತಂತಿಗೆ ತಾಗುವಷ್ಟು ಹತ್ತಿರ ಇರುವುದನ್ನು ಬೇಕಾದಷ್ಟು ನೋಡಿದ್ದೇನೆ. ಹಾಗಿದ್ದರೆ ಅಯಸ್ಕಾಂತ ತಂತಿಯನ್ನೇ ಎಳೆದು, ಸ್ವರ ತಾನೇ ಅಲೆಯುವಂತೆ ಮಾಡುತ್ತದೆ. ಸ್ಕ್ರೂಡ್ರೈವರ್ ಹಿಡಿದು ತೆಳು ತಂತಿಯ ಕಡೆ ಅರ್ಧ ಸುತ್ತು ಇಳಿಸಿ, ಮೀಟಿ, ಕೇಳಿ, ಮತ್ತೆ ಅರ್ಧ ಸುತ್ತು. ತಂಬೂರಿಯ ಜೀವಾಳದ ದಾರವನ್ನು ಕೂದಲೆಳೆಯಷ್ಟು ಸರಿಸಿ ಝೇಂಕಾರ ಹುಡುಕುವವರ ತಾಳ್ಮೆ ಇದಕ್ಕೆ ಬೇಕು. ಖರ್ಚಿಲ್ಲ. ಖರ್ಚಾಗುವ ಉಪಾಯಗಳೂ ಅಗ್ಗವೇ: ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು 250 ಕಿಲೊ ಓಮ್ ಪಾಟ್, ಎರಡು ಕೆಪಾಸಿಟರ್ ಕೊಂಡರೆ ಊಟದ ಹಣವೂ ಮುಗಿಯುವುದಿಲ್ಲ. ಹೊರಗಿನಿಂದ ಬಂದ ಒಳ್ಳೆಯ ಪಿಕಪ್ ಜೋಡಿಯ ಬೆಲೆಗೆ ಇಲ್ಲಿ ಕಲಿಯುವವರ ಗಿಟಾರೊಂದು ಇಡಿಯಾಗಿ ಬರುತ್ತದೆ.

ಮನೆಯಲ್ಲಿ ಒಬ್ಬರೇ ಕೂತು ಆರಿಸಿದ ಬೆಚ್ಚನೆಯ ಪಿಕಪ್ ಬ್ಯಾಂಡಿನಲ್ಲಿ ಮುಳುಗಿಹೋಗುತ್ತದೆ ಎಂಬ ಎಚ್ಚರವೂ ಇರಲಿ. ಬೇಸ್ ಗಿಟಾರ್, ಕೀಬೋರ್ಡ್, ಡ್ರಮ್ಸ್ ಸೇರಿದಾಗ ಕೆಳಗಿನ ಜಾಗವೆಲ್ಲ ಭರ್ತಿ. ಆಗ ಗಿಟಾರ್ ಕೇಳಿಸುವುದು ನೀವು ಮನೆಯಲ್ಲಿ ಬೈದು ಕಳೆದ ಆ 3000 ಹರ್ಟ್ಸ್‌ನಿಂದಲೇ. ನಾಬ್ ತಿರುಗಿಸಿ ಕಳೆದದ್ದನ್ನು ಮರಳಿ ತರಬಹುದು. ಪಿಕಪ್ಪೇ ಮೊದಲಿಗೆ ಹಿಡಿಯದ್ದನ್ನು ಯಾವ ನಾಬೂ ತರಲಾರದು. ಜಾಝ್ ಗಿಟಾರಿಸ್ಟ್ ವೆಸ್ ಮಾಂಟ್ಗೊಮರಿ ಪ್ಲೆಕ್ಟ್ರಮ್ ಬಿಟ್ಟು ಹೆಬ್ಬೆರಳಿನ ಮೆತ್ತನೆಯ ಭಾಗದಿಂದ ಮೀಟಿ ಆ ದುಂಡನೆಯ ನಾದ ತೆಗೆದರು. ಬೇಕೆಂದಾಗ ಬೇರೆ ರೀತಿ ಮೀಟುವ ಸ್ವಾತಂತ್ರ್ಯ ಅವರ ಕೈಯಲ್ಲೇ ಉಳಿದಿತ್ತು.

ಪಿಕಪ್ ಬದಲಿಸಲೇಬೇಕಾದ ಒಂದು ಸಂದರ್ಭಕ್ಕೆ ಮಾತ್ರ ನನ್ನ ಪೂರ್ಣ ಒಪ್ಪಿಗೆ ಇದೆ, ಅದೂ ನಾದದ ಕಾರಣಕ್ಕಲ್ಲ. ನಮ್ಮ 50 ಹರ್ಟ್ಸ್ ವಿದ್ಯುತ್ತು, ಅರ್ತಿಂಗ್ ನೆಟ್ಟಗಿಲ್ಲದ ಸಭಾಂಗಣ, ಪಕ್ಕದಲ್ಲೇ ಡಿಮ್ಮರ್ ಹಾಕಿದ ದೀಪಗಳು. ಅಲ್ಲಿ ಸಿಂಗಲ್ ಕಾಯಿಲ್ ಹಾಡಿನ ನಡುವಿನ ಪ್ರತಿ ಮೌನದಲ್ಲೂ ಗುಂಯ್‌ಗುಡುತ್ತದೆ. ಟೋನ್ ನಾಬ್, ಕೇಬಲ್, ಎತ್ತರ ಯಾವುವೂ ಇದನ್ನು ಬಿಡಿಸಲಾರವು. ಸಿಂಗಲ್ ಕಾಯಿಲ್ ಅಳತೆಯ ಗೂಡಿನಲ್ಲೇ ಕೂರುವ ಎರಡು ಸುರುಳಿಯ ಪಿಕಪ್‌ಗಳು ಈಗ ಡಂಕನ್, ಡಿಮಾರ್ಜಿಯೊ ಎರಡೂ ಕಡೆ ಸಿಗುತ್ತವೆ. ಹಳೆಯದರ ಮಿನುಗಿನಲ್ಲಿ ಒಂದಿಷ್ಟನ್ನು ಅವು ಕಳೆಯುತ್ತವೆ. ವಾರಕ್ಕೆರಡು ಕಾರ್ಯಕ್ರಮ ನುಡಿಸುವವರು ಆ ನಷ್ಟವನ್ನು ಒಪ್ಪಿಕೊಳ್ಳುವುದೇ ಸರಿ. ಮನೆಯಲ್ಲಷ್ಟೇ ನುಡಿಸುವವರು ಕುರ್ಚಿಯನ್ನು ಒಂದಿಷ್ಟು ತಿರುಗಿಸಿ ಕೂತು ನೋಡಲಿ, ಗಿಟಾರ್ ಮುಖ ಮಾಡಿದ ದಿಕ್ಕು ಬದಲಾದರೆ ಆ ಗುಂಯ್‌ಗುಟ್ಟುವಿಕೆ ಅರ್ಧಕ್ಕರ್ಧ ಇಳಿಯುವುದುಂಟು.