ತುರಹಳ್ಳಿಗೆ ಬೇಡವಾದ ಉದ್ಯಾನ

ಬೆಂಗಳೂರಿನಲ್ಲಿ ಪರಿಸರ ಉಳಿಸುವುದೆಂದರೆ ಸಸಿ ನೆಡುವುದು ಎಂದಾಗಿಬಿಟ್ಟಿದೆ. ಜುಲೈ ಬಂದರೆ ವನಮಹೋತ್ಸವದ ಸಸಿ, ನಾಯಕರ ಹುಟ್ಟುಹಬ್ಬಕ್ಕೆ ಸಸಿ, ಮೆಟ್ರೊಗಾಗಿ ಕಡಿದ ಮರಕ್ಕೆ ಬದಲಿ ಸಸಿ, ಕೊನೆಗೆ ಇರುವ ಕಾಡಿಗೂ ಸಸಿ. ನನ್ನ ತಕರಾರು ಸಸಿಯ ಮೇಲಲ್ಲ, ಅದನ್ನು ನೆಡುವ ಜಾಗದ ಮೇಲೆ. ಆರ್‌ಪಿಸಿ ಲೇಔಟಿನ ಅಡ್ಡರಸ್ತೆಯಲ್ಲಿ ಪುಣ್ಯದ ಕೆಲಸವಾದದ್ದೇ ಹತ್ತು ಕಿಲೋಮೀಟರ್ ಆಚೆಯ ಬಂಡೆಗುಡ್ಡದ ಮೇಲೆ ಹಾನಿಯಾಗಬಹುದು. ಅರಣ್ಯ ಇಲಾಖೆಯ ಟ್ರೀ ಪಾರ್ಕ್ ಯೋಜನೆಯನ್ನು ತೂಗಿ ನೋಡಬೇಕಾದದ್ದು ಇದೇ ಅಳತೆಯಿಂದ.

ಮೊದಲು ಮನೆ ಮುಂದಿನ ರಸ್ತೆಯಿಂದಲೇ ನೋಡೋಣ. ಕಾಗದಪತ್ರದಲ್ಲಿ ಹಂಪಿನಗರ ಎನಿಸಿಕೊಂಡರೂ ಆಟೋದವರ ಬಾಯಲ್ಲಿ ಇವತ್ತಿಗೂ ಆರ್‌ಪಿಸಿ ಲೇಔಟ್ ಆಗಿಯೇ ಉಳಿದಿರುವ ಈ ಬಡಾವಣೆಯಲ್ಲಿ, ಏಪ್ರಿಲ್ ಮಧ್ಯಾಹ್ನ ನಡೆಯಲು ಸಾಧ್ಯವಾಗುವುದು ಹೊಂಗೆ, ಮಳೆಮರಗಳ ನೆರಳು ಇರುವ ಕಡೆ ಮಾತ್ರ. ಬೆಂಗಳೂರಿನ ಇಂಥ ನೆರಳಿನ ಹಿಂದೆ ಒಬ್ಬ ಅಧಿಕಾರಿಯ ಶ್ರಮವಿದೆ. ಗುಂಡೂರಾವ್ ಮುಖ್ಯಮಂತ್ರಿಯಾಗಿದ್ದಾಗ, 1982ರಲ್ಲಿ, ನಗರವನ್ನು ಹಸಿರಾಗಿಸುವ ಹೊಣೆ ಐಎಫ್‌ಎಸ್ ಅಧಿಕಾರಿ ಎಸ್.ಜಿ. ನೇಗಿನಹಾಳರಿಗೆ ಬಂತು. ಐದೇ ವರ್ಷಗಳಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ಅವರು ನೆಡಿಸಿದರು. ಸಂಖ್ಯೆಗಿಂತ ಮುಖ್ಯವಾದದ್ದು ಅವರ ರೀತಿ. ನರ್ಸರಿಯಲ್ಲಿ ಎತ್ತರಕ್ಕೆ ಬೆಳೆಸಿದ ಸಸಿಯನ್ನೇ ನೆಡುವುದು, ದನ ಮೇಯದಂತೆ ಸುತ್ತ ಕಾವಲು ಕಟ್ಟುವುದು, ಎದುರಿನ ಮನೆಯವರಿಗೆ ಅದು ತಮ್ಮ ಮರ ಅನ್ನಿಸುವಂತೆ ಮಾಡುವುದು. ನೇಗಿನಹಾಳರು 2021ರ ಮೇ ತಿಂಗಳಲ್ಲಿ, ಕೋವಿಡ್‌ನ ಎರಡನೇ ಅಲೆಯಲ್ಲಿ ತೀರಿಕೊಂಡರು. ಬೆಂಗಳೂರಿಗೆ ಅವರ ಋಣ ದೊಡ್ಡದು.

ನಮ್ಮ ಮಾಗಡಿ ರಸ್ತೆ ಹಿಡಿದು ಹೋದರೆ ಸಿಗುವ ಹುಲಿಕಲ್ಲಿನ ತಿಮ್ಮಕ್ಕನವರದೂ ಅಂಥದೇ ಕೆಲಸ. ಹುಲಿಕಲ್ಲಿನಿಂದ ಕುದೂರಿನವರೆಗೆ 385 ಆಲದ ಮರಗಳನ್ನು ಅವರು ಗಂಡನ ಜೊತೆ ಸೇರಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದರು. ನೇಗಿನಹಾಳರೂ ತಿಮ್ಮಕ್ಕನವರೂ ಮರವಿಲ್ಲದ ದಾರಿಗೆ ಮರ ತಂದವರು. ಜನ ನಡೆಯುವ ಜಾಗಕ್ಕೆ ನೆರಳು ಬೇಕಿತ್ತು, ಅದನ್ನು ಕೊಟ್ಟರು. 2025ರ ನವೆಂಬರಿನಲ್ಲಿ ತಿಮ್ಮಕ್ಕ ತೀರಿಕೊಂಡಾಗ ಇಡೀ ರಾಜ್ಯ ತಲೆಬಾಗಿದ್ದು ಆ ನೆರಳಿಗೆ.

ಅರಣ್ಯ ಇಲಾಖೆ ತನ್ನ ಟ್ರೀ ಪಾರ್ಕ್‌ಗಳಿಗೆ ಇಟ್ಟಿರುವುದು ಇದೇ ತಿಮ್ಮಕ್ಕನ ಹೆಸರು: ಸಾಲುಮರದ ತಿಮ್ಮಕ್ಕ ವೃಕ್ಷೋದ್ಯಾನ. ಕಾಡುಗೋಡಿ, ಜಾರಕಬಂಡೆ ಕಾವಲು ಹೀಗೆ ನಗರದ ಅಂಚಿನ ಹಲವು ಅರಣ್ಯ ಜಾಗಗಳಲ್ಲಿ ಇಂಥ ಉದ್ಯಾನಗಳು ಎದ್ದಿವೆ. ಒಂದನ್ನು ನೋಡಿದರೆ ಉಳಿದವುಗಳ ಅಂದಾಜು ಸಿಗುತ್ತದೆ: ಕಮಾನು, ಟಿಕೆಟ್ ಕೌಂಟರ್, ನಡೆಯಲು ಹಾಸಿದ ದಾರಿ, ಮಕ್ಕಳಿಗೆ ಜಾರುಬಂಡೆ, ಕೂರಲು ಮಂಟಪ, ನಡುವೆ ಫಲಕ ಹೊತ್ತ ಸಸಿಗಳು. ಮರವೇ ಇಲ್ಲದ ಬಯಲಿನಲ್ಲೋ ಹಳೇ ನೀಲಗಿರಿ ತೋಪು ಕಡಿದ ಜಾಗದಲ್ಲೋ ಇದನ್ನು ಮಾಡಿದರೆ ಆಕ್ಷೇಪಿಸಲು ಏನೂ ಇಲ್ಲ. ಉದ್ಯಾನವಿಲ್ಲದ ವಾರ್ಡುಗಳಿಗೆ ಅದು ಬೇಕು ಕೂಡ. ಆದರೆ 2021ರ ಜನವರಿಯಲ್ಲಿ ಇದೇ ನಕ್ಷೆ ಬನಶಂಕರಿ 6ನೇ ಹಂತದ ಪಕ್ಕದ ತುರಹಳ್ಳಿ ಕಾಡಿನೊಳಕ್ಕೆ ಹೊರಟಿತು.

ತುರಹಳ್ಳಿಯಲ್ಲಿ ಏನಿದೆ ಎಂದು ಕೇಳಿದರೆ ಹೆಚ್ಚಿನವರು ಬಂಡೆ ಇದೆ, ಸೂರ್ಯೋದಯ ಚೆನ್ನಾಗಿ ಕಾಣುತ್ತದೆ ಎನ್ನುತ್ತಾರೆ. ಸುಮಾರು 600 ಎಕರೆಯ ಈ ಕುರುಚಲು ಕಾಡಿನಲ್ಲಿ ಕಣ್ಣು ತುಂಬುವ ದೊಡ್ಡ ಮರಗಳು ಕಡಿಮೆ. ಅದನ್ನು ಕೊರತೆ ಎಂದು ಎಣಿಸಿದಲ್ಲೇ ಯೋಜನೆ ಎಡವಿತು. ಬೆಂಗಳೂರಿನ ಸುತ್ತಲಿನ ಮೇಲುಸೀಮೆಯ ಸಹಜ ಸ್ಥಿತಿಯೇ ಅದು: ತೆಳುಮಣ್ಣು, ಅದರ ಕೆಳಗೆ ಸುಮಾರು 300 ಕೋಟಿ ವರ್ಷದ ಹಳೆಯ ನೈಸ್ ಶಿಲೆ, ಮೇಲೆ ಕಾರೆ, ಕವಳೆ, ಬೋರೆ, ಬಂದರೆಯ ಪೊದೆ, ನಡುನಡುವೆ ಹುಲ್ಲು. ಮಳೆ ನಿಂತ ಮೇಲೆ ಬಂಡೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿ. ಒಂದು ಮಾರು ಜಾಗದಲ್ಲಿ ಪಾಚಿ, ಅದರ ಮೇಲೆ ಜರಿಗಿಡ, ಬಂಡೆಯ ಸಣ್ಣ ಕುಳಿಯಲ್ಲಿ ನಿಂತ ನೀರು, ನೀರಲ್ಲಿ ಗೊದಮೊಟ್ಟೆ, ಪಕ್ಕದ ಬಿರುಕಿನಿಂದ ತಲೆ ಎತ್ತಿ ಇಳಿಸುವ ಓತಿಕ್ಯಾತ. ಗೌಜಲಹಕ್ಕಿ ಗೂಡು ಕಟ್ಟುವುದಿಲ್ಲ. ಪೊದೆಯ ಬುಡದ ಹುಲ್ಲಿನಲ್ಲಿ ನೆಲ ಕೆದಕಿ ಮೊಟ್ಟೆ ಇಡುತ್ತದೆ. ಟಿಟ್ಟಿಭಕ್ಕೆ ಪೊದೆಯೂ ಬೇಡ. ಬಟಾಬಯಲಿನ ಕಲ್ಲುಚೂರುಗಳ ನಡುವೆ ಅದರ ಮೊಟ್ಟೆ ಇರುತ್ತದೆ, ಬಣ್ಣ ಕಲ್ಲಿನದೇ, ಕಾಲಿಡುವ ತನಕ ಗೊತ್ತಾಗುವುದಿಲ್ಲ.

ಈ ನೆಲದಲ್ಲಿ ಟ್ರೀ ಪಾರ್ಕ್ ಮಾಡುವುದು ಹೇಗೆ? ಜೆಸಿಬಿ ಬರಬೇಕು, ಪೊದೆ ಸವರಬೇಕು, ಗುಂಡಿ ತೋಡಬೇಕು, ದಾರಿಗೆ ಜಲ್ಲಿ ಸುರಿಯಬೇಕು. ಇಲ್ಲಿ ಬೆಳೆಯದ ಸಸಿಗೆ ಟ್ಯಾಂಕರಿನಲ್ಲಿ ನೀರು ತರಬೇಕು. ಅದು ಬದುಕಿ ಮರವಾದರೂ ಅದರ ನೆರಳಲ್ಲಿ ಬಿಸಿಲು ಬೇಡುವ ಹುಲ್ಲು ಸಾಯುತ್ತದೆ, ಹುಲ್ಲಿನ ಜೊತೆ ಗೌಜಲಹಕ್ಕಿಯೂ ಹೋಗುತ್ತದೆ. ಕಾಡು ಬೆಳೆಸಿದೆವು ಎಂದು ವರದಿ ಬರೆಯುವ ಹೊತ್ತಿಗೆ ಇದ್ದ ಕಾಡು ಖಾಲಿಯಾಗಿರುತ್ತದೆ.

ಇಲಾಖೆಯ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಜನರ ಓಡಾಟವಿಲ್ಲದ, ಬೇಲಿಯಿಲ್ಲದ ಸರ್ಕಾರಿ ಜಾಗ ಬೆಂಗಳೂರಿನ ಸುತ್ತ ಎಷ್ಟು ದಿನ ಉಳಿಯುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಎ.ಟಿ. ರಾಮಸ್ವಾಮಿ ನೇತೃತ್ವದ ಸದನ ಸಮಿತಿಯ ವರದಿಯಲ್ಲಿ ಆ ಒತ್ತುವರಿಗಳ ಕತೆ ಇದೆ. ಟ್ರೀ ಪಾರ್ಕ್ ಆದರೆ ಬೇಲಿ ಬರುತ್ತದೆ, ಕಾವಲಿಗೆ ಜನ ಬರುತ್ತಾರೆ, ಒತ್ತುವರಿ ನಿಲ್ಲುತ್ತದೆ ಎಂಬ ಮಾತಿನಲ್ಲಿ ನಿಜವಿದೆ. ಹಾಗಿದ್ದರೆ ಬೇಲಿ ಹಾಕಿ, ಗಡಿಕಲ್ಲು ನೆಡಿ, ಫಾರೆಸ್ಟ್ ಗಾರ್ಡುಗಳ ಸಂಖ್ಯೆ ಹೆಚ್ಚಿಸಿ. ಕಾವಲಿಗೂ ಜಾರುಬಂಡೆಗೂ ಏನು ಸಂಬಂಧ? ಕಾಡನ್ನು ಉಳಿಸಲು ಅದರೊಳಗೆ ಪಾರ್ಕ್ ಮಾಡಲೇಬೇಕು ಎನ್ನುವುದು ನಮ್ಮ ಬಜೆಟ್ಟಿನ ರೂಢಿ ಹುಟ್ಟಿಸಿದ ಅನಿವಾರ್ಯತೆ. ಕಟ್ಟುವ ಕಾಮಗಾರಿಗೆ ಹಣ ಸಿಗುತ್ತದೆ, ಕಾಯುವ ಕೆಲಸಕ್ಕೆ ಸಿಗುವುದಿಲ್ಲ.

ಆ ವರ್ಷ ಜನವರಿಯ ಕೊನೆಯಲ್ಲಿ ಅಕ್ಕಪಕ್ಕದ ಬಡಾವಣೆಗಳ ನೂರಾರು ಜನ ತುರಹಳ್ಳಿಯಲ್ಲಿ ಸೇರಿ ಪ್ರತಿಭಟಿಸಿದರು. ಫೆಬ್ರವರಿಯಲ್ಲಿ ಸರ್ಕಾರ ಹಿಂದೆ ಸರಿಯಿತು. ಮರ ನೆಡಬೇಡಿ ಎಂದು ಪರಿಸರಪ್ರೇಮಿಗಳೇ ಬೀದಿಗಿಳಿದದ್ದು ಕೆಲವರಿಗೆ ವಿಚಿತ್ರವಾಗಿ ಕಂಡಿತು. ನನಗೆ ಅದು ಈ ನಗರದ ಪರಿಸರ ಚಳವಳಿ ಒಂದು ಮೆಟ್ಟಿಲು ಮೇಲೇರಿದ ಗಳಿಗೆಯಾಗಿ ಕಾಣುತ್ತದೆ.

ಏಕೆಂದರೆ ನೆಟ್ಟದ್ದೆಲ್ಲ ಒಳ್ಳೆಯದು ಎಂಬ ನಂಬಿಕೆಗೆ ಕರ್ನಾಟಕ ಈಗಾಗಲೇ ಬೆಲೆ ತೆತ್ತಿದೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಕೋಲಾರ, ಬೆಂಗಳೂರು ಗ್ರಾಮಾಂತರದ ಹೊಲಗಳಿಗೂ ಗೋಮಾಳಗಳಿಗೂ ನೀಲಗಿರಿ ಬಂತು. ರಾಗಿ ಬೆಳೆಯುತ್ತಿದ್ದ ಜಾಗ ತೋಪಾಯಿತು. ದನಕ್ಕೆ ಮೇವು, ಬೇಲಿಸಾಲಿನ ಹಣ್ಣು, ಹುಲ್ಲಿನ ಹಕ್ಕಿ ಮೂರೂ ಹೋದವು. ಅಂತರ್ಜಲಕ್ಕೂ ಪೆಟ್ಟು ಬಿತ್ತು. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರವೇ ನೀಲಗಿರಿ ನೆಡುವುದನ್ನು ನಿಷೇಧಿಸಿತು. ತುರಹಳ್ಳಿಯ ಕೆಳಭಾಗದಲ್ಲಿ ಇವತ್ತಿಗೂ ಆ ಕಾಲದ ನೀಲಗಿರಿ ನಿಂತಿದೆ. ಅದರ ಬುಡದಲ್ಲಿ ಒಣಗಿದ ಎಲೆ ಬಿಟ್ಟರೆ ಹೆಚ್ಚೇನೂ ಕಾಣದು. ನಾಲ್ಕು ಹೆಜ್ಜೆ ಆಚೆ, ಯಾರೂ ನೆಡದ ಕಾರೆಪೊದೆಯಲ್ಲಿ ಪಿಕಳಾರಗಳ ಗಲಾಟೆ.

ನಮ್ಮ ಕಾನೂನಿಗೂ ಮರ ಮಾತ್ರ ಕಾಣುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮನೆ ಹಿತ್ತಲಿನ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಒಳ್ಳೆಯದೇ. ಆದರೆ ಒಂದು ಎಕರೆ ಹುಲ್ಲುಗಾವಲನ್ನು ಅಗೆದು ಹಾಕಿದರೆ ಕೇಳಲು ಅಂಥ ಅಧಿಕಾರಿಯೇ ಇಲ್ಲ. ದೇಶದ ಬಂಜರು ಭೂಮಿ ನಕಾಶೆಯಲ್ಲಿ ಕುರುಚಲು ನೆಲಕ್ಕೆ ಇರುವುದು ಬಂಜರಿನ ಸ್ಥಾನ. ಬಂಜರು ಎಂದು ಬರೆದ ಮೇಲೆ ಅಲ್ಲಿ ಏನು ಮಾಡಿದರೂ ಅಭಿವೃದ್ಧಿಯೇ.

ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿ ಕೆಂಗೇರಿ ಕಡೆ ಹೊರಟರೆ, ಕಪ್ಪಗೆ ಹರಿಯುವ ವೃಷಭಾವತಿ ದಾಟಿದ ಮೇಲೆ ಜ್ಞಾನಭಾರತಿಯ ಹಸಿರು ಸಿಗುತ್ತದೆ. ನಮಗೆ ತುರಹಳ್ಳಿಗಿಂತ ಹತ್ತಿರದ ಕಾಡು ಅದು. 1973ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಅಲ್ಲಿಗೆ ಬಂದಾಗ ಸಿಕ್ಕ ಜಾಗ ಸುಮಾರು 1,100 ಎಕರೆ. ಅಲ್ಲಿನ ಜೈವಿಕ ಉದ್ಯಾನದಲ್ಲಿ ಸಸಿ ನೆಟ್ಟು ಬೆಳೆಸಿದವರ ಶ್ರಮ ದೊಡ್ಡದು, ನವಿಲುಗಳೂ ಇವೆ. ಆದರೂ ಅಲ್ಲಿಯ ನಿಜವಾದ ಪ್ರಶ್ನೆ ಸಸಿಯದ್ದಲ್ಲ. ಇಡಿಯಾಗಿರುವ ಜಾಗ ಕಟ್ಟಡ, ರಸ್ತೆಗಳಿಂದ ತುಂಡುತುಂಡಾಗದಂತೆ ನೋಡಿಕೊಳ್ಳುವುದು ಹತ್ತು ಸಾವಿರ ಸಸಿಗಿಂತ ಹೆಚ್ಚಿನ ಸಂರಕ್ಷಣೆ.

ಬೇರೆ ದಾರಿಯೂ ನಮ್ಮಲ್ಲೇ ಇದೆ. ಹೆಸರಘಟ್ಟದ ಹುಲ್ಲುಗಾವಲಿಗೆ ಫಿಲ್ಮ್ ಸಿಟಿಯಿಂದ ಹಿಡಿದು ಏನೇನೋ ಬರುವುದಿತ್ತು. 2011ರಲ್ಲಿ ಅಲ್ಲಿ ಲೆಸ್ಸರ್ ಫ್ಲೋರಿಕನ್ ಎಂಬ ಅಪರೂಪದ ಹುಲ್ಲುಗಾವಲ ಹಕ್ಕಿ ಕಾಣಿಸಿಕೊಂಡು ಪಕ್ಷಿಪ್ರಿಯರು ಬೆರಗಾದರು. ಸಂರಕ್ಷಿತ ಪ್ರದೇಶ ಮಾಡಿ ಎಂಬ ಬೇಡಿಕೆಯನ್ನು 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಿರಸ್ಕರಿಸಿತು. 2024ರ ಅಕ್ಟೋಬರಿನಲ್ಲಿ ಅದೇ ಮಂಡಳಿ 5,678 ಎಕರೆಗೆ ಒಪ್ಪಿಗೆ ಕೊಟ್ಟಿತು. ಹುಲ್ಲನ್ನು ಹುಲ್ಲಾಗಿಯೇ ಉಳಿಸುವ ತೀರ್ಮಾನ ಅದು. ನೆಡುವುದರಲ್ಲಿ ಇಲ್ಲದ ಧೈರ್ಯ ಇಂಥ ತೀರ್ಮಾನಕ್ಕೆ ಬೇಕು, ಏಕೆಂದರೆ ಇಲ್ಲಿ ಉದ್ಘಾಟನೆಯ ಫೋಟೊ ಸಿಗುವುದಿಲ್ಲ.

ಹಾಗೆಂದು ತುರಹಳ್ಳಿಯನ್ನು ಅದರ ಪಾಡಿಗೆ ಬಿಟ್ಟರೆ ಸಾಕೆಂದಲ್ಲ. ಮಾಡಬೇಕಾದ ಕೆಲಸ ಬೇಕಾದಷ್ಟಿದೆ, ಕಣ್ಣಿಗೆ ಬೀಳದ ಕೆಲಸ ಅಷ್ಟೇ. ಲಂಟಾನವನ್ನು ಬುಡಸಮೇತ ಕೀಳಬೇಕು, ಅದೂ ಒಂದೇ ಸಲಕ್ಕೆ ಬೋಳಿಸದೆ, ಸ್ಥಳೀಯ ಪೊದೆ ಚಿಗುರಲು ಸಮಯ ಕೊಟ್ಟು. ಚಳಿಗಾಲ ಮುಗಿಯುವ ಮೊದಲೇ ಬೆಂಕಿರೇಖೆ ಸವರಬೇಕು, ಫೆಬ್ರವರಿ ಮಾರ್ಚಿನಲ್ಲಿ ಬೆಂಕಿ ಕಾಯಲು ಆಳು ಇರಬೇಕು. ರಾತ್ರಿ ಕಟ್ಟಡದ ಕಸ ತಂದು ಸುರಿಯುವ ಟಿಪ್ಪರುಗಳನ್ನು ಹಿಡಿಯಬೇಕು. ನೀಲಗಿರಿಯನ್ನು ಸ್ವಲ್ಪಸ್ವಲ್ಪವಾಗಿ ತೆಗೆದು, ಆ ಜಾಗ ತಾನೇ ಏನಾಗುತ್ತದೆಂದು ಕೆಲವು ಮಳೆಗಾಲ ಕಾದು ನೋಡಬೇಕು. ಇವೆಲ್ಲಕ್ಕೂ ವರ್ಷವರ್ಷ ಹಣ ಬೇಕು, ಜನ ಬೇಕು. ಸಸಿಗಳ ಲೆಕ್ಕ ಒಪ್ಪಿಸುವ ಇಲಾಖೆ ಗೌಜಲಹಕ್ಕಿಯ ಲೆಕ್ಕವನ್ನೂ ಒಪ್ಪಿಸುವಂತಾಗಬೇಕು.

ಇರುವ ಕುರುಚಲು ಕಾಡಿನಲ್ಲೂ ಹುಲ್ಲುಗಾವಲಿನಲ್ಲೂ ಟ್ರೀ ಪಾರ್ಕ್ ಬೇಡವೇ ಬೇಡ. ಮರವಿಲ್ಲದ ಬಡಾವಣೆಗಳಲ್ಲಿ ಖಂಡಿತ ಬೇಕು. ಜುಲೈನಲ್ಲಿ ಸಸಿ ಹಿಡಿದು ಗುಡ್ಡದ ಕಡೆ ಬಸ್ಸು ಮಾಡಿಕೊಂಡು ಹೊರಡುವ ನಮ್ಮ ಸಂಘಗಳಲ್ಲಿ ಒಂದು ವಿನಂತಿ. ವಿಜಯನಗರ, ಅತ್ತಿಗುಪ್ಪೆ, ಆರ್‌ಪಿಸಿ ಲೇಔಟಿನ ಫುಟ್‌ಪಾತುಗಳಲ್ಲಿ ಮರ ಬಿದ್ದುಹೋಗಿ ಬರೀ ಬೊಡ್ಡೆ ಉಳಿದಿರುವ, ಬುಡಕ್ಕೆ ಸಿಮೆಂಟು ಬಳಿದಿರುವ ಜಾಗಗಳನ್ನು ಈ ಮಳೆಗಾಲಕ್ಕೆ ಮೊದಲೇ ಪಟ್ಟಿ ಮಾಡಿ. ಸಿಮೆಂಟು ಒಡೆಸಿ, ಆಳೆತ್ತರದ ಹೊಂಗೆ ಸಸಿ ತಂದು ನೆಡಿ, ಎದುರು ಮನೆಯವರ ಹೆಸರು ಬರೆದುಕೊಂಡು ಎರಡು ಬೇಸಿಗೆ ನೀರು ಹಾಕಿಸಿ.