ಮೊದಲ ನೋಟದ ಅಧಿಕಾರ: ‘ಸಂಸ್ಕಾರ’ ಚಿತ್ರ ಮತ್ತು ಗಡಿಯ ಪ್ರೇಕ್ಷಕ

ಚಲನಚಿತ್ರವೊಂದು ಜನರ ಮುಂದೆ ಬರುವ ಮೊದಲೇ ಅದನ್ನು ಕೆಲವರು ನೋಡಿರುತ್ತಾರೆ. ಉಳಿದವರು ಏನನ್ನು ನೋಡಬೇಕು, ಏನನ್ನು ನೋಡಬಾರದು ಎಂಬುದು ಬಹಳಮಟ್ಟಿಗೆ ಆ ಕೆಲವರ ನೋಟದಿಂದಲೇ ನಿರ್ಧಾರವಾಗುತ್ತದೆ. ಚಿತ್ರದ ವಸ್ತು ಸಮಾಜ ಒಪ್ಪದ ಪ್ರೇಮವಾಗಿದ್ದರಂತೂ ಈ ಮೊದಲ ನೋಟಕ್ಕೆ ಇನ್ನೂ ಹೆಚ್ಚಿನ ಅಧಿಕಾರ ಬರುತ್ತದೆ. ಆಗ ನೋಡುವವರು ತಮಗಾಗಿ ನೋಡುವುದಿಲ್ಲ. ಅಲ್ಲಿ ಹಾಜರಿಲ್ಲದ ಸಾರ್ವಜನಿಕರ ಪರವಾಗಿ, ಅವರಿಗೆ ನೋವಾದೀತೆ, ಅವರು ಕೆರಳಿಯಾರೆ ಎಂದು ಊಹಿಸುತ್ತ ನೋಡುತ್ತಾರೆ. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಕನ್ನಡಿಗರು ಇಂಥ ಊಹೆಗಳಲ್ಲಿ ಯಾವಾಗಲೂ ಹಾಜರಿಲ್ಲದವರ ಸಾಲಿಗೆ ಸೇರಿದವರು. ಅವರ ಆಡಳಿತ ಒಂದು ರಾಜಧಾನಿಯಲ್ಲಿ, ಅವರ ಭಾಷೆಯ ಸಾಹಿತ್ಯ ಮತ್ತು ಸಿನಿಮಾ ಇನ್ನೊಂದು ರಾಜಧಾನಿಯಲ್ಲಿ. ಆದುದರಿಂದ ಕನ್ನಡದ ಒಂದು ಪ್ರಮುಖ ಚಿತ್ರ ಬಿಡುಗಡೆಗೆ ಮುಂಚಿನ ಪ್ರದರ್ಶನದಲ್ಲಿ ಎದುರಿಸಿದ ತೀರ್ಪನ್ನು ಗಡಿಯ ಕಡೆಯಿಂದ ಮರಳಿ ನೋಡುವುದು ಉಚಿತವಾಗಿದೆ.

ಬಿಡುಗಡೆಗೆ ಮುಂಚಿನ ಪ್ರದರ್ಶನದಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಮಾರುಕಟ್ಟೆಯದು. ಅಮೆರಿಕದ ನಿರ್ಮಾಪಕರು ಚಿತ್ರವನ್ನು ಆಯ್ದ ಪ್ರೇಕ್ಷಕರಿಗೆ ಮೊದಲು ತೋರಿಸಿ, ಅವರ ಪ್ರತಿಕ್ರಿಯೆಗೆ ತಕ್ಕಂತೆ ತಿದ್ದುವ ಪದ್ಧತಿ ಇದಾಗಿದೆ. 1987ರ ‘ಫೇಟಲ್ ಅಟ್ರಾಕ್ಷನ್’ ಇದಕ್ಕೆ ಪ್ರಸಿದ್ಧ ನಿದರ್ಶನ. ವಿವಾಹಿತನೊಬ್ಬನನ್ನು ಪ್ರೀತಿಸಿ ತಿರಸ್ಕೃತಳಾದ ಹೆಣ್ಣು ತನ್ನನ್ನೇ ಕೊಂದುಕೊಳ್ಳುವಂತೆ ಅದರ ಅಂತ್ಯವನ್ನು ಮೊದಲು ಚಿತ್ರಿಸಲಾಗಿತ್ತು. ಪರೀಕ್ಷಾ ಪ್ರದರ್ಶನದ ಪ್ರೇಕ್ಷಕರಿಗೆ ಅದು ಸಾಲಲಿಲ್ಲ. ಅಂತ್ಯವನ್ನು ಹೊಸದಾಗಿ ಚಿತ್ರೀಕರಿಸಿ ಆಕೆ ಹೆಂಡತಿಯ ಕೈಯಲ್ಲಿ ಹತಳಾಗುವಂತೆ ಮಾಡಲಾಯಿತು. ಅಲ್ಲಿ ಮೊದಲ ನೋಟವು ಪ್ರೇಮಕ್ಕೆ ಶಿಕ್ಷೆಯನ್ನು ಬೇಡಿತು. ಎರಡನೆಯ ಬಗೆ ಪ್ರಭುತ್ವದ್ದು. ಭಾರತದಲ್ಲಿ 1952ರ ಸಿನಿಮಾಟೋಗ್ರಾಫ್ ಕಾಯಿದೆಯ ಪ್ರಕಾರ ಪ್ರತಿಯೊಂದು ಚಿತ್ರವೂ ಸಾರ್ವಜನಿಕ ಪ್ರದರ್ಶನಕ್ಕೆ ಮುನ್ನ ಮಂಡಳಿಯ ಪರಿಶೀಲಕರ ಕಣ್ಣಿಗೆ ಬೀಳಲೇಬೇಕು. ಮಾರುಕಟ್ಟೆಯ ನೋಟಕ್ಕೆ ಟಿಕೆಟ್ಟಿನ ಚಿಂತೆ, ಪ್ರಭುತ್ವದ ನೋಟಕ್ಕೆ ಶಾಂತಿಪಾಲನೆಯ ಚಿಂತೆ. ಪ್ರೇಮವನ್ನು ಪ್ರೇಮವಾಗಿ ನೋಡುವ ವ್ಯವಧಾನ ಎರಡಕ್ಕೂ ಕಡಿಮೆ.

ಯು. ಆರ್. ಅನಂತಮೂರ್ತಿಯವರ 1965ರ ಕಾದಂಬರಿಯನ್ನು ಆಧರಿಸಿ 1970ರಲ್ಲಿ ತೆರೆಕಂಡ ‘ಸಂಸ್ಕಾರ’ ಈ ಎರಡನೆಯ ನೋಟಕ್ಕೆ ಸಿಲುಕಿದ ಚಿತ್ರ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ನೆಲ್ಲೂರಿನವರು. 1939ರಲ್ಲಿ ‘ಫಿಡೇಲು ರಾಗಾಲ ಡಜನ್’ ಸಂಕಲನದಿಂದ ತೆಲುಗು ಛಂದಸ್ಸಿನ ಕಟ್ಟುಗಳನ್ನು ಮುರಿದ ಕವಿ. ಚಿತ್ರಕಥೆ ಗಿರೀಶ ಕಾರ್ನಾಡರದು; ಪ್ರಾಣೇಶಾಚಾರ್ಯರ ಪಾತ್ರವೂ ಅವರದೇ. ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ ಅಭಿನಯಿಸಿದರು. ಛಾಯಾಗ್ರಹಣ ಆಸ್ಟ್ರೇಲಿಯದ ಟಾಮ್ ಕೋವನ್ ಅವರದು, ಕಲಾನಿರ್ದೇಶನ ಎಸ್. ಜಿ. ವಾಸುದೇವ್ ಅವರದು, ಸಂಗೀತ ರಾಜೀವ ತಾರಾನಾಥರದು. ಕಾರ್ನಾಡರೂ ಸ್ನೇಹಲತಾ ಅವರೂ ಮದರಾಸಿನ ‘ಮದ್ರಾಸ್ ಪ್ಲೇಯರ್ಸ್’ ಎಂಬ ಇಂಗ್ಲಿಷ್ ಹವ್ಯಾಸಿ ರಂಗತಂಡದೊಡನೆ ನಂಟುಳ್ಳವರಾಗಿದ್ದರು. ಮಲೆನಾಡಿನ ಮಾಧ್ವ ಅಗ್ರಹಾರವೊಂದರ ಕತೆಗೆ ಚಿತ್ರರೂಪ ಕೊಡುವ ಸಾಹಸಕ್ಕೆ ಕೈಹಾಕಿದವರು ಹೀಗೆ ತೆಲುಗು ಕವಿತೆಯಿಂದಲೂ ಇಂಗ್ಲಿಷ್ ರಂಗಭೂಮಿಯಿಂದಲೂ ಬಂದವರಾಗಿದ್ದರು.

ಚಿತ್ರವನ್ನು ಮೊದಲು ತಡೆದದ್ದು ಅದೇ ಮದರಾಸು. ಆಗ ದಕ್ಷಿಣದ ಚಿತ್ರಗಳ ಪರಿಶೀಲನೆ ಆ ನಗರದಲ್ಲಿ ನಡೆಯುತ್ತಿತ್ತು. ಜಾತಿಯ ಪ್ರಶ್ನೆಯನ್ನು ಇಷ್ಟು ನೇರವಾಗಿ ಎತ್ತುವ ಚಿತ್ರ ಜನರಲ್ಲಿ ಉದ್ವೇಗ ಹುಟ್ಟಿಸೀತು ಎಂಬ ಆತಂಕದಿಂದ ಮದರಾಸಿನ ಸೆನ್ಸಾರ್ ಮಂಡಳಿ ಅದಕ್ಕೆ ನಿಷೇಧ ವಿಧಿಸಿತು. ಮುಂದೆ ಕೇಂದ್ರ ಸರ್ಕಾರದ ಮಟ್ಟದಲ್ಲಿ ಆ ನಿಷೇಧ ತೆರವಾಯಿತು. 1970ರ ಅತ್ಯುತ್ತಮ ಕಥಾಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಇದೇ ಚಿತ್ರಕ್ಕೆ ಸಂದಿತು. ಆ ಮನ್ನಣೆ ಪಡೆದ ಮೊದಲ ಕನ್ನಡ ಚಿತ್ರ ಇದು. ಅದೇ ವರ್ಷ ಕೆ. ಎ. ಅಬ್ಬಾಸರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಚಿತ್ರಗಳ ಪೂರ್ವಪರಿಶೀಲನೆ ಸಂವಿಧಾನಬದ್ಧವೆಂದು ಎತ್ತಿಹಿಡಿಯಿತು. ಜೊತೆಗೆ ಪರಿಶೀಲಕರ ಅಳತೆಗೋಲು ಕಲೆಗೆ ವಿಶಾಲವಾದ ಅವಕಾಶ ಬಿಡಬೇಕೆಂದೂ ಹೇಳಿತು. ಒಂದೇ ಪ್ರಭುತ್ವದ ಒಂದು ಕಣ್ಣು ಅಪಾಯವನ್ನು ಕಂಡಲ್ಲಿ ಇನ್ನೊಂದು ಕಣ್ಣು ವರ್ಷದ ಶ್ರೇಷ್ಠ ಕೃತಿಯನ್ನು ಕಂಡಿತು. ಇದನ್ನು ಕೇವಲ ಅಧಿಕಾರಿಗಳ ಅಭಿರುಚಿಯ ವ್ಯತ್ಯಾಸವೆಂದು ಕೈಬಿಡುವಂತಿಲ್ಲ. ಮೊದಲ ನೋಟವು ಚಿತ್ರದಲ್ಲಿ ಕಂಡದ್ದೇನು, ಕಾಣದೆ ಹೋದದ್ದೇನು ಎಂದು ಕೇಳಬೇಕಾಗುತ್ತದೆ.

ಕಂಡದ್ದು ಸ್ಪಷ್ಟ. ಮಾಂಸ ತಿಂದ, ಮದ್ಯ ಕುಡಿದ, ಕಟ್ಟಿಕೊಂಡವಳನ್ನು ಬಿಟ್ಟು ಕುಂದಾಪುರದ ಚಂದ್ರಿಯನ್ನು ತಂದು ಮನೆಯಲ್ಲಿರಿಸಿಕೊಂಡ ಬ್ರಾಹ್ಮಣ ನಾರಣಪ್ಪ ಪ್ಲೇಗಿನಿಂದ ಸತ್ತಿದ್ದಾನೆ. ಅವನ ಶವಕ್ಕೆ ಸಂಸ್ಕಾರ ಮಾಡಬೇಕಾದವರು ಯಾರೆಂದು ಅಗ್ರಹಾರ ತರ್ಕಿಸುತ್ತದೆ. ಚಂದ್ರಿ ತನ್ನ ಒಡವೆ ಬಿಚ್ಚಿಟ್ಟಾಗ ಆ ತರ್ಕದ ದಿಕ್ಕು ಬದಲಾಗುತ್ತದೆ. ಈ ವ್ಯಂಗ್ಯ ಒಂದು ಸಮುದಾಯವನ್ನು ಚುಚ್ಚುತ್ತದೆಂಬುದು ಯಾರಿಗಾದರೂ ತಿಳಿಯುವ ಮಾತು. ಆದರೆ ಕತೆಯ ಒಡಲಲ್ಲಿ ಎರಡು ಪ್ರೇಮಗಳಿವೆ. ಒಂದು, ನಾರಣಪ್ಪನಿಗೂ ಚಂದ್ರಿಗೂ ನಡುವಣ ಸಹಬಾಳ್ವೆ. ಅದನ್ನು ಊರು ವ್ಯಭಿಚಾರವೆಂದು ಕರೆದರೂ, ಅದರಲ್ಲಿ ನಿಷ್ಠೆಯಿದೆ. ಇನ್ನೊಂದು, ಮಾರುತಿಯ ಗುಡಿಯಿಂದ ಉತ್ತರ ಸಿಗದೆ ಮರಳುವ ಪ್ರಾಣೇಶಾಚಾರ್ಯರಿಗೂ ಚಂದ್ರಿಗೂ ಕಾಡಿನ ಕತ್ತಲಲ್ಲಿ ಆಗುವ ಕೂಡಿಕೆ. ರೋಗಿಷ್ಠ ಹೆಂಡತಿಯ ಸೇವೆಯನ್ನೇ ತಪಸ್ಸೆಂದು ತಿಳಿದ ಪಂಡಿತ, ತಾನು ಎಂದೂ ಅರಿಯದ ದೇಹದ ಕರುಣೆಯನ್ನು ಅಲ್ಲಿ ಅರಿಯುತ್ತಾನೆ. ಹಸಿದವನಿಗೆ ಬಾಳೆಹಣ್ಣು ಕೊಡುವ ಕೈಯೂ ತಬ್ಬುವ ಕೈಯೂ ಒಂದೇ ಎಂಬಷ್ಟು ಸರಳವಾದ ಪ್ರಸಂಗ ಅದು.

ಗಮನಿಸಬೇಕಾದುದೆಂದರೆ, ಇಡೀ ಕತೆಯಲ್ಲಿ ಕೆಲಸ ಮಾಡುವುದು ಈ ಪ್ರೇಮ ಮಾತ್ರ. ಶಾಸ್ತ್ರ ಕೆಲಸ ಮಾಡುವುದಿಲ್ಲ. ದೇವರು ಹೂ ಕೊಡುವುದಿಲ್ಲ. ಆಚಾರ್ಯರು ತಮ್ಮ ತಪ್ಪನ್ನು ಊರಿನ ಮುಂದೆ ಹೇಳುವ ಹೊಣೆಯನ್ನು ಚಂದ್ರಿಯ ಮೇಲೆಯೇ ಹೊರಿಸುತ್ತಾರೆ. ಆಕೆಯಾದರೋ ಅದನ್ನು ಹೇಳಿ ಅವರನ್ನು ಬಯಲಿಗೆಳೆಯಲು ಒಲ್ಲಳು. ಹಾಗೆಂದು ಶವವನ್ನು ಕೊಳೆಯಲು ಬಿಡಲೂ ಒಲ್ಲಳು. ಮೀನು ವ್ಯಾಪಾರದ ಅಹಮದ್ ಬ್ಯಾರಿಯ ನೆರವಿನಿಂದ ರಾತ್ರಿಯೇ ಗಾಡಿಯಲ್ಲಿ ಹೆಣ ಸಾಗಿಸಿ, ಸುಟ್ಟು, ಕುಂದಾಪುರದ ದಾರಿ ಹಿಡಿಯುತ್ತಾಳೆ. ಅಗ್ರಹಾರವೆಲ್ಲ ಕೂಡಿ ಬಿಡಿಸಲಾರದ ಸಮಸ್ಯೆಯನ್ನು ಒಬ್ಬ ಸೂಳೆಯೆನಿಸಿಕೊಂಡವಳೂ ಒಬ್ಬ ಮುಸಲ್ಮಾನನೂ ಸೇರಿ ಒಂದೇ ರಾತ್ರಿಯಲ್ಲಿ ಬಿಡಿಸಿಬಿಡುತ್ತಾರೆ. ಆಚಾರ್ಯರಿಗೆ ಇದರ ಸುದ್ದಿಯೇ ಇಲ್ಲ. ಮದರಾಸಿನ ಮೊದಲ ನೋಟಕ್ಕೆ ಒಂದು ಜಾತಿಗೆ ಆಗಬಹುದಾದ ಅವಮಾನ ಕಂಡಿತು. ಆ ಜಾತಿಯ ಹೆಣವನ್ನೂ ಮಾನದಿಂದ ಕಳಿಸಿಕೊಟ್ಟ ಪ್ರೀತಿ ಕಾಣಲಿಲ್ಲ. ಕೆರಳಿಸುವ ಚಿತ್ರವೆಂದು ತೀರ್ಪು ಪಡೆದದ್ದರ ಒಳಗೆ ಸಮಾಧಾನದ ಒಂದು ಕ್ರಿಯೆ ಹುದುಗಿತ್ತು.

ಹಾಗೆಂದು ಎಲ್ಲ ಕುರುಡನ್ನೂ ಮಂಡಳಿಯ ಮೇಲೆ ಹಾಕುವುದು ನ್ಯಾಯವಲ್ಲ. ಚಿತ್ರಕ್ಕೂ ತನ್ನದೇ ಆದ ಒಂದು ಕುರುಡಿದೆ. ಕತೆಯ ಉತ್ತರಾರ್ಧ ಆಚಾರ್ಯರ ಅಲೆದಾಟಕ್ಕೆ ಮೀಸಲು: ಬೆನ್ನು ಬಿಡದ ಪುಟ್ಟ, ಜಾತ್ರೆ, ಕೋಳಿ ಅಂಕ, ಗುರುತು ಸಿಕ್ಕೀತೆಂಬ ಅಂಜಿಕೆ. ಕ್ಯಾಮೆರಾ ಅವರ ಹಿಂದೆಯೇ ನಡೆಯುತ್ತದೆ. ಕೆಲಸ ಮುಗಿಸಿದ ಚಂದ್ರಿ ಚಿತ್ರದಿಂದ ಹೊರನಡೆದವಳು ಮರಳುವುದಿಲ್ಲ. ಅವಳು ಕಾಡಿನಲ್ಲಿ ಏನನ್ನು ಬಯಸಿದಳು, ಏನನ್ನು ಹೊತ್ತು ಕುಂದಾಪುರಕ್ಕೆ ಹೋದಳು ಎಂಬುದು ಕತೆಗೆ ಮುಖ್ಯವಾಗುವುದಿಲ್ಲ. ಸ್ನೇಹಲತಾ ರೆಡ್ಡಿಯವರ ಮುಖದಲ್ಲಿನ ಸ್ಥಿಮಿತ ಈ ಕೊರತೆಯನ್ನು ಕೆಲಮಟ್ಟಿಗೆ ತುಂಬುತ್ತದೆ. ಮಾತು ಕಡಿಮೆಯಾದಷ್ಟೂ ಆ ಮುಖ ಹೆಚ್ಚು ಹೇಳುತ್ತದೆ. ಆದರೂ ಸಮಾಜ ಒಪ್ಪದ ಪ್ರೇಮವು ಇಲ್ಲಿ ಕೊನೆಗೆ ಒಬ್ಬ ಗಂಡಸಿನ ಧರ್ಮಸಂಕಟವಾಗಿ ಸಂಕೋಚಗೊಳ್ಳುತ್ತದೆ. ಮಂಡಳಿಯೂ ಚಿತ್ರವೂ ಬೇರೆ ಬೇರೆ ಉತ್ತರ ಕೊಟ್ಟರೂ, ಕೇಳಿಕೊಂಡ ಪ್ರಶ್ನೆ ಒಂದೇ: ಬ್ರಾಹ್ಮಣನ ಬ್ರಾಹ್ಮಣ್ಯ ಏನಾಯಿತು? ಚಂದ್ರಿಯ ಪ್ರೀತಿ ಏನಾಯಿತು ಎಂಬ ಪ್ರಶ್ನೆ ಎರಡು ಕಡೆಯೂ ಬಾಕಿ ಉಳಿಯಿತು. ನಿಷೇಧದ ವಿರುದ್ಧ ಚಿತ್ರವನ್ನು ಸಮರ್ಥಿಸಿಕೊಳ್ಳುವ ಭರದಲ್ಲಿ ವಿಮರ್ಶೆಯೂ ಈ ಬಾಕಿಯನ್ನು ಮರೆಯುವ ಅಪಾಯವಿದೆ.

ಯಾವ ಪ್ರೇಕ್ಷಕ ಯಾವುದನ್ನು ಅರ್ಥಮಾಡಿಕೊಳ್ಳಬಲ್ಲ ಎಂಬುದನ್ನು ದೂರದಿಂದ ತೀರ್ಮಾನಿಸುವುದು ಎಷ್ಟು ಅಸಾಧ್ಯವೆಂಬುದಕ್ಕೆ ಈ ಕೃತಿಯ ಹುಟ್ಟೇ ಸಾಕ್ಷಿ. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆಯಲ್ಲಿದ್ದಾಗ, ಮಾಲ್ಕಮ್ ಬ್ರಾಡ್‌ಬರಿಯವರ ಜೊತೆ ಇಂಗ್ಮಾರ್ ಬರ್ಗ್‌ಮನ್ನರ ‘ದಿ ಸೆವೆಂತ್ ಸೀಲ್’ ಚಿತ್ರವನ್ನು ಅಡಿಬರಹಗಳಿಲ್ಲದೆ ನೋಡಿದರು. ಸ್ವೀಡಿಷ್ ಭಾಷೆ ಅರಿಯದೆಯೂ ಆ ಪ್ಲೇಗಿನ ಕತೆ ಅವರೊಳಗೆ ಕೆಲಸ ಮಾಡಿತು. ಅದರ ಪ್ರೇರಣೆಯಿಂದ ಮಲೆನಾಡಿನ ಪ್ಲೇಗಿನ ಈ ಕತೆ ಹುಟ್ಟಿತು. ಅರ್ಧ ತಿಳಿದ ಭಾಷೆಯಲ್ಲಿ ಪೂರ್ಣವಾಗಿ ನೋಡುವುದು ಸಾಧ್ಯ.

ಗಡಿಯ ಜನರಿಗೆ ಇದು ಹೊಸ ವಿದ್ಯೆಯಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳನ್ನು ಅದರಿಂದ ಬೇರ್ಪಡಿಸಲಾಯಿತು. ಗುಲ್ಬರ್ಗದಿಂದ ಕೊಡಂಗಲ್, ತಾಂಡೂರುಗಳು ಬೇರೆಯಾದವು. ಮಕ್ತಲ್, ನಾರಾಯಣಪೇಟೆಗಳು ಮಹಬೂಬನಗರ ಜಿಲ್ಲೆಯಲ್ಲಿದ್ದು ಆಂಧ್ರ ಪ್ರದೇಶಕ್ಕೆ ಹೋದವು. 2016ರಲ್ಲಿ ಜೋಗುಳಾಂಬ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಪ್ರತ್ಯೇಕ ಜಿಲ್ಲೆಗಳಾದವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಪೇಟೆಯಲ್ಲಿ ಉರ್ದು ಎಂಬ ಹೊಂದಾಣಿಕೆ ಇಲ್ಲಿಯ ಬದುಕಿನ ರೀತಿ. ‘ಸಂಸ್ಕಾರ’ದ ಸಂಗೀತಕ್ಕೂ ಈ ಸೀಮೆಯ ನಂಟಿದೆ. ರಾಜೀವ ತಾರಾನಾಥರ ತಂದೆ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್ದರ್ದ್ ಶಾಲೆಯನ್ನೂ ತುಂಗಭದ್ರೆಯಲ್ಲಿ ಪ್ರೇಮಾಯತನವನ್ನೂ ಕಟ್ಟಿದವರು. ಸಹಾನುಭೂತಿ ಎಂಬರ್ಥದ ಉರ್ದು ಹೆಸರನ್ನು ಒಂದಕ್ಕೂ, ಪ್ರೇಮದ ನೆಲೆ ಎಂಬರ್ಥದ ಸಂಸ್ಕೃತ ಹೆಸರನ್ನು ಇನ್ನೊಂದಕ್ಕೂ ಇಟ್ಟ ಮನಸ್ಸು, ಗದ್ವಾಲವಿನ್ನೂ ರಾಯಚೂರು ಜಿಲ್ಲೆಯಲ್ಲಿದ್ದ ಕಾಲದ ಮನಸ್ಸು. ತೆಲುಗು ಕವಿ ಕನ್ನಡದ ಕತೆಯನ್ನು ಚಿತ್ರಿಸಿದ್ದನ್ನೂ, ಬ್ರಾಹ್ಮಣನ ಚಿತೆಗೆ ಬ್ಯಾರಿ ನೆರವಾದದ್ದನ್ನೂ ಇಂಥ ಸೀಮೆಯ ಪ್ರೇಕ್ಷಕ ವಿಚಿತ್ರವೆಂದು ತಿಳಿಯಬೇಕಾಗಿಲ್ಲ.

ಆದರೆ ಗಡಿಯ ಬಹುಭಾಷಿಕತೆಯನ್ನು ಹೊಗಳಿ ಮಾತು ಮುಗಿಸುವುದು ಸುಲಭದ ದಾರಿಯಾದೀತು. ಭಾಷೆಯ ಗೆರೆಯನ್ನು ಇಲ್ಲಿಯವರು ದಿನವೂ ದಾಟುತ್ತಾರೆ. ರಾಯಚೂರು, ಯಾದಗಿರಿಗಳ ಕಡೆಗೆ ಹೆಣ್ಣು ಕೊಟ್ಟು ತರುವುದು ವಾಡಿಕೆ. ಜಾತಿಯ ಗೆರೆಯನ್ನು ದಾಟುವುದು ಬೇರೆಯೇ ಮಾತು. 2018ರಲ್ಲಿ ಇದೇ ತೆಲಂಗಾಣದ ಮಿರ್ಯಾಲಗೂಡದಲ್ಲಿ, ಮೇಲುಜಾತಿಯ ಹುಡುಗಿಯನ್ನು ಮದುವೆಯಾದ ದಲಿತ ಯುವಕನನ್ನು ಗರ್ಭಿಣಿ ಹೆಂಡತಿಯ ಕಣ್ಣೆದುರಿಗೇ ಕೊಲ್ಲಲಾಯಿತು. ಇಂಥ ನೆಲದಲ್ಲಿ ‘ಉದ್ವೇಗ ಉಂಟಾದೀತು’ ಎಂಬ ಮಂಡಳಿಯ ಅಂಜಿಕೆಯನ್ನು ಪೊಳ್ಳೆಂದು ನಗುವಂತಿಲ್ಲ. ಅಂಜಿಕೆ ನಿಜ. ಅದರಿಂದ ತೆಗೆದ ತೀರ್ಮಾನ ತಪ್ಪು. ಕತೆಯನ್ನು ತಡೆದರೆ ಉದ್ವೇಗ ಇಲ್ಲವಾಗುವುದಿಲ್ಲ. ಮಾತಿಲ್ಲದೆ ಮನೆಯೊಳಗೆ ಉಳಿಯುತ್ತದೆ. ಅಲ್ಲಿ ಅದಕ್ಕೆ ಬಲಿಯಾಗುವವರು ಪ್ರೀತಿಸಿದವರೇ. ತೆರೆಯ ಮೇಲೆ ಚಂದ್ರಿಯಂಥವಳ ಕರುಣೆಯನ್ನು ಕಂಡ ಊರು ತನ್ನ ಮಗಳ ಆಯ್ಕೆಯನ್ನು ಒಪ್ಪಿಯೇಬಿಡುತ್ತದೆಂದು ಹೇಳಲಾಗದು. ಆದರೆ ಕಾಣದ ಊರಿಗೆ ಒಪ್ಪುವ ಮಾತೇ ಸಿಗುವುದಿಲ್ಲ.

ಇಂದು ಮಂಡಳಿಯ ಹೆಸರು ಬದಲಾಗಿದೆ. 1983ರಿಂದ ಅದು ಸೆನ್ಸಾರ್ ಮಂಡಳಿಯಾಗಿರದೆ ಪ್ರಮಾಣೀಕರಣ ಮಂಡಳಿ. ಮಂಡಳಿಯ ತೀರ್ಪಿನ ವಿರುದ್ಧ ಮೇಲ್ಮನವಿ ಕೇಳುತ್ತಿದ್ದ ನ್ಯಾಯಮಂಡಳಿ 2021ರಲ್ಲಿ ರದ್ದಾಗಿ, ಚಿತ್ರಕರ್ತರು ಹೈಕೋರ್ಟಿನ ಬಾಗಿಲನ್ನೇ ತಟ್ಟಬೇಕಾಗಿದೆ. ಸಣ್ಣ ಬಂಡವಾಳದ ಕನ್ನಡ ಚಿತ್ರಕ್ಕೆ ಅದು ಹಗುರವಾದ ದಾರಿಯಲ್ಲ. ಹೀಗಾಗಿ ಒಪ್ಪಿತವಲ್ಲದ ಪ್ರೇಮದ ಕತೆ ಬರೆಯುವವರು ಮಂಡಳಿಗಿಂತ ಮೊದಲೇ ತಮ್ಮೊಳಗಿನ ಪರಿಶೀಲಕನಿಗೆ ಚಿತ್ರ ತೋರಿಸಿ, ಅವನು ಹೇಳಿದಂತೆ ಕತ್ತರಿ ಹಾಕಿಕೊಳ್ಳುವ ಸಂಭವ ಹೆಚ್ಚು. ಆ ಕತ್ತರಿಯ ಗುರುತು ಯಾವ ದಾಖಲೆಯಲ್ಲಿಯೂ ಉಳಿಯುವುದಿಲ್ಲ.

‘ಸಂಸ್ಕಾರ’ ಐದು ದಶಕಗಳ ನಂತರವೂ ಉಳಿದದ್ದು ಅದರ ಮೊದಲ ಪ್ರೇಕ್ಷಕರು ಅದನ್ನು ತಪ್ಪಾಗಿ ಅಳೆದರೆಂಬ ಕಾರಣಕ್ಕಷ್ಟೇ ಅಲ್ಲ. ಅದು ಉತ್ತರಿಸದೆ ಬಿಟ್ಟ ಪ್ರಶ್ನೆಯೊಂದು ಜೀವಂತವಾಗಿರುವುದರಿಂದ. ನಾರಾಯಣಪೇಟೆಯಲ್ಲಾಗಲಿ ಮಕ್ತಲಿನಲ್ಲಾಗಲಿ ಗದ್ವಾಲದಲ್ಲಾಗಲಿ ಇನ್ನು ಅದನ್ನು ನೋಡುವವರು, ಯಾರಿಗೆ ನೋವಾದೀತು ಎಂಬ ಹಳೆಯ ಪ್ರಶ್ನೆಯನ್ನು ಅತ್ತ ಸರಿಸಿ, ಬೆಳಗಿನ ಬಸ್ಸಿನಲ್ಲಿ ಕುಂದಾಪುರಕ್ಕೆ ಹೊರಟ ಆ ಹೆಣ್ಣಿಗೆ ಏನು ನೋವಾಗಿತ್ತು ಎಂದು ಕೇಳಿದರೆ, ಚಿತ್ರಕ್ಕೆ ಸಲ್ಲಬೇಕಾದ ಮೊದಲ ನೋಟ ತಡವಾಗಿಯಾದರೂ ಸಂದಂತಾಗುತ್ತದೆ.